ಮಾಡು: ಬೆಂಗಳೂರು ದಕ್ಷಿಣದ ಮಾತಿನಲ್ಲಿ ರಚನೆಯ ಕ್ರಿಯಾಪದಗಳು

ಕನ್ನಡದ ಮೂಲ ಕ್ರಿಯಾಧಾತುಗಳಲ್ಲಿ ‘ಮಾಡು’ ಒಂದು. ಇಲ್ಲದ್ದನ್ನು ಉಂಟುಮಾಡುವುದು, ಇರುವುದಕ್ಕೆ ಬೇರೆ ರೂಪ ಕೊಡುವುದು, ಕೆಲಸವೊಂದನ್ನು ನಡೆಸುವುದು ಈ ಮೂರೂ ಅದರ ಅರ್ಥವ್ಯಾಪ್ತಿಯೊಳಗೆ ಬರುತ್ತವೆ. ಇಂಗ್ಲಿಷ್ ಭಾಷೆ ‘ಮೇಕ್’ ಮತ್ತು ‘ಡೂ’ ಎಂದು ಎರಡಾಗಿ ಬೇರ್ಪಡಿಸಿಕೊಂಡ ಕೆಲಸಕ್ಕೆ ಕನ್ನಡಕ್ಕೆ ಈ ಒಂದು ಪದ ಸಾಕು: ಅಡುಗೆಯನ್ನೂ ಮಾಡುತ್ತೇವೆ, ತಪ್ಪನ್ನೂ ಮಾಡುತ್ತೇವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳನ್ನೊಳಗೊಂಡ ಬೆಂಗಳೂರು ದಕ್ಷಿಣದಲ್ಲಿ ಈ ಕ್ರಿಯಾಪದ ಇಂಗ್ಲಿಷಿನ ‘ಕ್ರಿಯೇಟ್’, ‘ಮೇಕ್’, ‘ಕಮ್ ಅಪ್ ವಿತ್’ ಮೊದಲಾದವುಗಳ ಜೊತೆ ದಿನವೂ ಒಡನಾಡುತ್ತಿದೆ. ಆ ಒಡನಾಟದಲ್ಲಿ ಯಾವುದು ಸರಿಯಾದ ಬಳಕೆ, ಯಾವುದು ಕನ್ನಡಕ್ಕೆ ಒಗ್ಗದ್ದು, ಯಾವುದು ಕಣ್ಮರೆಯಾಗುತ್ತಿದೆ ಎಂಬುದು ಇಲ್ಲಿನ ವಿಷಯ.

ರೂಪ ಮತ್ತು ಹಿನ್ನೆಲೆ

ಹಳಗನ್ನಡದಲ್ಲಿ ‘ಮಾಡು’ವಿನ ಪಕ್ಕದಲ್ಲೇ ‘ಗೆಯ್’ ಎಂಬ ಇನ್ನೊಂದು ಧಾತು ಹೇರಳವಾಗಿ ಬಳಕೆಯಲ್ಲಿತ್ತು. ಅರಸರು ರಾಜ್ಯವಾಳುತ್ತಿದ್ದರು ಎಂದು ಹೇಳುವಾಗ ಶಾಸನಗಳು ಮತ್ತೆ ಮತ್ತೆ ಬಳಸುವುದು ಈ ಧಾತುವನ್ನೇ. ತಮಿಳಿನ ‘ಸೆಯ್’, ತೆಲುಗಿನ ‘ಚೇಯು’ ಇದರ ಒಡಹುಟ್ಟಿದವು. ತಮಿಳು ಮತ್ತು ತೆಲುಗು ಆ ಧಾತುವನ್ನು ಇಂದಿಗೂ ಮುಖ್ಯ ಕ್ರಿಯಾಪದವಾಗಿ ಉಳಿಸಿಕೊಂಡಿವೆ. ಕನ್ನಡದಲ್ಲಿ ಮಾತ್ರ ಅದು ಹಿಂದೆ ಸರಿದು ‘ಮಾಡು’ ಮುಂದೆ ಬಂತು. ‘ಗೇಯ್ಮೆ’ ಎಂಬ ನಾಮಪದದಲ್ಲಿ, ‘ಗೇಯ್ದು ತಿನ್ನಬೇಕು’ ಎನ್ನುವ ರೈತರ ಮಾತಿನಲ್ಲಿ ಹಳೆಯ ಧಾತು ಇನ್ನೂ ಉಸಿರಾಡುತ್ತಿದೆ. ಆಡು-ಆಟ, ಓಡು-ಓಟ, ನೋಡು-ನೋಟ ಇದ್ದ ಹಾಗೆ ಮಾಡು-ಮಾಟ. ‘ಮೈಮಾಟ’ದ ಮಾಟವೂ ‘ಮಾಟಮಂತ್ರ’ದ ಮಾಟವೂ ಅಲ್ಲಿಂದಲೇ ಬಂದವು. ಕರಾವಳಿಯಲ್ಲಿ ಮನೆಯ ಮೇಲ್ಛಾವಣಿಗೆ ‘ಮಾಡು’ ಎನ್ನುವುದು ಬೇರೆಯೇ ಪದ.

ಕೇಶಿರಾಜನ ‘ಶಬ್ದಮಣಿದರ್ಪಣ’ದ (13ನೆಯ ಶತಮಾನ) ಕಾಲಕ್ಕಾಗಲೇ ಕನ್ನಡ ಹೊರಗಿನ ಪದಗಳನ್ನು ಕ್ರಿಯಾಪದ ಮಾಡಿಕೊಳ್ಳುವ ಒಂದು ದಾರಿ ಕಂಡುಕೊಂಡಿತ್ತು. ಸಂಸ್ಕೃತದ ಪದಕ್ಕೆ ‘ಇಸು’ ಹಚ್ಚಿದರೆ ಕನ್ನಡದ ಕ್ರಿಯಾಪದ ಸಿದ್ಧ: ರಚಿಸು, ನಿರ್ಮಿಸು, ಸೃಷ್ಟಿಸು, ಕಲ್ಪಿಸು. ಮುಂದೆ ಪಾರ್ಸಿ, ಅರಬ್ಬಿ ಮೂಲದ ಆಡಳಿತದ ಪದಗಳು ಬಂದಾಗ ಎರಡನೆಯ ದಾರಿ ಅಗಲವಾಯಿತು: ಜಮಾ ಮಾಡು, ಖರ್ಚು ಮಾಡು, ರದ್ದು ಮಾಡು, ಮಂಜೂರು ಮಾಡು, ವಸೂಲಿ ಮಾಡು. ‘ತಯಾರು’ ಎರಡೂ ದಾರಿಗಳಲ್ಲಿ ನಡೆದು ‘ತಯಾರು ಮಾಡು’ ಎಂದೂ ಆಯಿತು, ‘ತಯಾರಿಸು’ ಎಂದೂ ಆಯಿತು. ಇಂಗ್ಲಿಷ್ ಪದಗಳು ಬಂದದ್ದು ಈ ಎರಡನೆಯ ದಾರಿಯಲ್ಲೇ. ‘ಇಸು’ ಅವುಗಳಿಗೆ ಹತ್ತಲಿಲ್ಲ. ಹಾಗಾಗಿ ‘ಫೋನ್ ಮಾಡು’ ಎಂಬುದನ್ನು ಕೆಟ್ಟ ಕನ್ನಡ ಎನ್ನುವವರು ‘ಖರ್ಚು ಮಾಡು’ವನ್ನೂ ಬಿಟ್ಟುಕೊಡಬೇಕಾಗುತ್ತದೆ. ಎರಡರ ಕಟ್ಟಡವೂ ಒಂದೇ.

ಬಡಾವಣೆಗಳ ಭಾಷಾ ಪರಿಸರ

ಬೆಂಗಳೂರಿನ ಹೆಸರು ಕಾಣಿಸಿಕೊಳ್ಳುವ, ಸುಮಾರು 890ರ ಕನ್ನಡ ಶಾಸನ ಇರುವುದು ನಗರದ ತೆಂಕಣ ಅಂಚಿನ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನವಿದೆ. ಈ ಸೀಮೆ ಎರಡು ಭಾಷೆಗಳನ್ನು ಕೇಳಿಕೊಂಡೇ ಬೆಳೆಯಿತು ಎಂಬುದಕ್ಕೆ ಇಷ್ಟು ಸಾಕು. ಜಯನಗರ ಬಡಾವಣೆಯ ಕೆಲಸ 1948ರಲ್ಲಿ ಮೊದಲಾಯಿತು. ಬನಶಂಕರಿಯ ಹಂತಗಳು, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಬೈರಸಂದ್ರ-ತಾವರೆಕೆರೆ-ಮಡಿವಾಳಗಳನ್ನು ಕೂಡಿಸಿದ ಬಿಟಿಎಂ ಆಮೇಲೆ ಬಂದವು. ಹಳೇ ಮೈಸೂರು, ಕೋಲಾರ, ತುಮಕೂರು ಸೀಮೆಯ ಕುಟುಂಬಗಳು, ಕರಾವಳಿಯಿಂದ ಬಂದು ಹೋಟೆಲು ಇಟ್ಟವರು, ಬ್ಯಾಂಕು ಮತ್ತು ಕಾರ್ಖಾನೆಯ ನೌಕರರು, ಕಳೆದ ಕೆಲವು ದಶಕಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಬೇರೆ ರಾಜ್ಯಗಳ ಯುವಕ ಯುವತಿಯರು ಇಲ್ಲಿ ಒಟ್ಟಿಗೆ ಬಾಳುತ್ತಿದ್ದಾರೆ.

ಬಿಟಿಎಂನ ಒಂದೇ ಬೀದಿಯಲ್ಲಿ ‘ಅಡ್ಜಸ್ಟ್ ಮಾಡಿ’, ‘ಅಡ್ಜಸ್ಟ್ ಪಣ್ಣುಂಗ’, ‘ಅಡ್ಜಸ್ಟ್ ಚೇಯಂಡಿ’, ‘ಅಡ್ಜಸ್ಟ್ ಕರೋ’ ನಾಲ್ಕೂ ಕೇಳಿಸುತ್ತವೆ. ನಾಲ್ಕರಲ್ಲೂ ಇಂಗ್ಲಿಷಿನ ಪದ ಒಂದೇ, ಅದನ್ನು ಹೊತ್ತು ನಡೆಸುವ ಕ್ರಿಯಾಪದ ಮಾತ್ರ ಆಯಾ ಭಾಷೆಯದು. ಹೊರಗಿನಿಂದ ಬಂದವರು ಇಲ್ಲಿ ಮೊದಮೊದಲು ಕಲಿಯುವ ಕನ್ನಡದಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಇದ್ದೇ ಇರುತ್ತದೆ. ಆ ‘ಮಾಡಿ’ಯ ಜೊತೆಗೇ ಅವರು ಕನ್ನಡದ ಮರ್ಯಾದೆಯ ಪಾಠವನ್ನೂ ಕಲಿಯುತ್ತಾರೆ. ಹಿರಿಯರಿಗೆ, ಅಪರಿಚಿತರಿಗೆ ‘ಮಾಡಿ’. ಗೆಳೆಯನಿಗೆ ‘ಮಾಡೋ’, ಗೆಳತಿಗೆ ‘ಮಾಡೇ’. ಅಕ್ಕರೆಯಿಂದ ಹೇಳುವಾಗ ‘ಮಾಡಪ್ಪ’, ‘ಮಾಡಮ್ಮ’. ತರಕಾರಿಯವರೊಂದಿಗೆ, ಆಟೋದವರೊಂದಿಗೆ ‘ಮಾಡು’ ಎಂದು ಏಕವಚನದಲ್ಲಿ ಮಾತಾಡುವುದು ಈ ಬಡಾವಣೆಗಳಲ್ಲಿ ಒಪ್ಪುವ ರೀತಿಯಲ್ಲ. ಹೊಸಬರಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಇಂಗ್ಲಿಷ್ ಪದದ ಜೊತೆ: ಮಾಡು, ಆಗು, ಹಾಕು

ಕನ್ನಡದಲ್ಲಿ ಇಂಗ್ಲಿಷ್ ಬೆರೆಯುವ ಬಗೆಯನ್ನು ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ 1978ರಷ್ಟು ಹಿಂದೆಯೇ ವಿವರಿಸಿದ್ದರು. ಈ ಬೆರಕೆ ಗೊತ್ತುಗುರಿಯಿಲ್ಲದ್ದಲ್ಲ, ಅದಕ್ಕೆ ಗಟ್ಟಿಯಾದ ನಿಯಮಗಳಿವೆ. ಮೊದಲನೆಯದು, ‘ಮಾಡು’ ಮತ್ತು ‘ಆಗು’ಗಳ ಜೋಡಿ. ಕರ್ತೃವಿನ ಕೈ ಇದ್ದರೆ ‘ಮಾಡು’, ತಾನಾಗಿ ನಡೆದರೆ ‘ಆಗು’. ‘ಕಾಲ್ ಕಟ್ ಆಯ್ತು’ ಎಂದರೆ ಸಿಗ್ನಲ್ ಇರಲಿಲ್ಲ. ‘ಕಾಲ್ ಕಟ್ ಮಾಡಿದ’ ಎಂದರೆ ಮನಸ್ತಾಪಕ್ಕೆ ಕಾರಣವಿದೆ. ‘ಬಸ್ ಮಿಸ್ ಆಯ್ತು’ ಎನ್ನುವವನು ತಪ್ಪನ್ನು ಬಸ್ಸಿನ ಮೇಲೆ ಬಿಡುತ್ತಾನೆ, ‘ಬಸ್ ಮಿಸ್ ಮಾಡ್ಕೊಂಡೆ’ ಎನ್ನುವವನು ತಾನೇ ಹೊರುತ್ತಾನೆ. ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಇರುವ ಕಡೆ ಕನ್ನಡ ಹೊಣೆಗಾರಿಕೆಯನ್ನು ಇಷ್ಟು ನವಿರಾಗಿ ಹಂಚುತ್ತದೆ. ಹತ್ತು ಪದಗಳಲ್ಲಿ ಏಳು ಇಂಗ್ಲಿಷಾದರೂ ವಾಕ್ಯ ಕನ್ನಡವಾಗಿಯೇ ಉಳಿಯುವುದು ಈ ಎರಡು ಕ್ರಿಯಾಪದಗಳಿಂದ.

ಎಲ್ಲ ಕಡೆಯೂ ‘ಮಾಡು’ ನಡೆಯುವುದಿಲ್ಲ. ಗಾಡಿಗೆ ‘ಬ್ರೇಕ್ ಹಾಕು’ತ್ತೇವೆ, ‘ಬ್ರೇಕ್ ಮಾಡು’ ಎಂದರೆ ಒಡೆದು ಹಾಕಿದಂತೆ. ಸ್ಟೇಟಸ್ ಹಾಕುತ್ತೇವೆ, ಫೋಟೋ ತೆಗೆಯುತ್ತೇವೆ ಅಥವಾ ಹೊಡೆಯುತ್ತೇವೆ. ಯಾವ ಇಂಗ್ಲಿಷ್ ನಾಮಪದಕ್ಕೆ ಯಾವ ಕನ್ನಡ ಕ್ರಿಯಾಪದ ಹೊಂದುತ್ತದೆ ಎಂಬುದನ್ನು ಹೊಸ ವಸ್ತು ಬಂದ ಕೆಲವೇ ದಿನಗಳಲ್ಲಿ ಬೀದಿ ತೀರ್ಮಾನಿಸಿಬಿಡುತ್ತದೆ, ಯಾವ ಸಮಿತಿಯೂ ಬೇಕಾಗುವುದಿಲ್ಲ.

ಎರಡನೆಯದು ಪ್ರೇರಣಾರ್ಥಕ, ಅಂದರೆ ಬೇರೆಯವರ ಕೈಯಿಂದ ಕೆಲಸ ಮಾಡಿಸುವ ಅರ್ಥದ ‘ಇಸು’. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಎರಡು ಕ್ರಿಯಾಪದಗಳೂ ಸರಳ ರೂಪದಲ್ಲಿವೆ. ಆದರೆ ಬನಶಂಕರಿಯಲ್ಲಿ ನಿವೇಶನ ಸಿಕ್ಕಿ, ಸಾಲ ತೆಗೆದು, ಮೇಸ್ತ್ರಿಯ ಹಿಂದೆ ತಿರುಗಿ ಮನೆ ಎಬ್ಬಿಸಿದವರು ಸಾಮಾನ್ಯವಾಗಿ ಹೇಳುವುದು ‘ಮನೆ ಕಟ್ಟಿಸಿದೆವು’ ಎಂದು. ಗಾರೆಯವರ, ಬಡಗಿಯವರ ಶ್ರಮಕ್ಕೆ ಆ ‘ಇಸು’ವಿನಲ್ಲಿ ಜಾಗವಿದೆ. ದೇವಾಲಯ ‘ಮಾಡಿಸಿದ’, ಕೆರೆ ‘ಕಟ್ಟಿಸಿದ’ ಎಂದೇ ಶಾಸನಗಳೂ ಹೇಳಿದವು. ಆಧಾರ್ ಮಾಡಿಸು, ರೇಷನ್ ಕಾರ್ಡ್ ಮಾಡಿಸು, ಪಾಸ್‌ಪೋರ್ಟ್ ಮಾಡಿಸು ಎಂಬ ಇಂದಿನ ಬಳಕೆಗಳಲ್ಲೂ ಇದೇ ವ್ಯಾಕರಣ ನಡೆಯುತ್ತಿದೆ.

ಒಂದೊಂದು ಮಾಟಕ್ಕೆ ಒಂದೊಂದು ಕ್ರಿಯಾಪದ

‘ಮಾಡು’ ಬಹುಪಾಲನ್ನು ಹೊರಬಲ್ಲದು ನಿಜ. ಆದರೆ ಕನ್ನಡದ ನಿಜವಾದ ಸಿರಿ ಇರುವುದು ಅದನ್ನು ಬಿಟ್ಟು ಬೇರೆ ಪದ ಬಳಸುವ ಕಡೆಗಳಲ್ಲಿ. ಕೈ ಏನು ಮಾಡುತ್ತದೆಯೋ ಅದನ್ನೇ ಕ್ರಿಯಾಪದ ಹೇಳುತ್ತದೆ.

ಗೋಕುಲಾಷ್ಟಮಿಯ ಹಿಂದಿನ ದಿನ ಜಯನಗರದ ಹಳೆಯ ಮನೆಯೊಂದರ ಅಡುಗೆಮನೆಗೆ ಕಿವಿಗೊಡಿ. ‘ಚಕ್ಕುಲಿ ಮಾಡು’ ಎಂದು ಹೇಳುವುದು ಕೆಲಸ ಶುರುವಾಗುವ ಮುನ್ನ ಮಾತ್ರ. ಒಲೆ ಹಚ್ಚಿದ ಮೇಲೆ ‘ಮಾಡು’ ಎಂಬ ಪದವೇ ಕೇಳುವುದಿಲ್ಲ. ಅಕ್ಕಿ ಹಿಟ್ಟಿಗೆ ಹುರಿಗಡಲೆಯದೋ ಉದ್ದಿನದೋ ಹಿಟ್ಟು ಬೆರೆಸಿ, ಬಿಸಿ ಎಣ್ಣೆ ಅಥವಾ ಬೆಣ್ಣೆ ಹಾಕಿ ಕಲಸುತ್ತಾರೆ, ನಾದುತ್ತಾರೆ. ಒರಳಿಗೆ ತುಂಬಿ ಚಕ್ಕುಲಿ ಒತ್ತುತ್ತಾರೆ. ಮುಳ್ಳಿನ ಎಳೆ ಕೆಳಗೆ ಇಳಿಯುತ್ತಿದ್ದ ಹಾಗೆ ಒರಳನ್ನು ಸುತ್ತುತ್ತಾರೆ, ಕೊನೆಯ ತುದಿಯನ್ನು ಬೆರಳಿನಿಂದ ಅಂಟಿಸುತ್ತಾರೆ. ಹಿಟ್ಟು ಬಿರಿಯುತ್ತಿದ್ದರೆ ಸೊಸೆಗೆ ಅತ್ತೆ ಹೇಳುವುದು ‘ಇನ್ನೊಂಚೂರು ನೀರು ಚಿಮುಕಿಸಿ ನಾದಮ್ಮ’ ಎಂದು. ಪಕ್ಕದಲ್ಲಿ ಕೋಡುಬಳೆಯ ಹಿಟ್ಟು ಇದ್ದರೆ ಅದನ್ನು ಒತ್ತುವುದಿಲ್ಲ, ಹೊಸೆಯುತ್ತಾರೆ. ಮಣೆಯ ಮೇಲೆ ಅಂಗೈಯಿಂದ ಉರುಳಿಸಿ, ಬಳೆಯಂತೆ ತುದಿಗಳನ್ನು ಕೂಡಿಸುತ್ತಾರೆ. ನಿಪ್ಪಟ್ಟನ್ನು ತಟ್ಟುತ್ತಾರೆ. ರವೆ ಉಂಡೆಯನ್ನು ಪಾಕ ಆರುವ ಮುಂಚೆ ಕಟ್ಟುತ್ತಾರೆ. ಎಲ್ಲವೂ ಮುಗಿದ ಮೇಲೆ, ನೆರೆಮನೆಗೆ ತಟ್ಟೆ ಒಯ್ದಾಗ, ಮತ್ತೆ ‘ಚಕ್ಕುಲಿ ಮಾಡಿದ್ವಿ’ ಎಂದಾಗುತ್ತದೆ. ‘ಮಾಡು’ ಕೆಲಸದ ಹೊರಗಿನ ಹೆಸರು, ಒಳಗೆ ಇರುವುದು ಒತ್ತು, ಹೊಸೆ, ತಟ್ಟು, ಕಟ್ಟು.

ಇದೇ ರೀತಿ ದೋಸೆಯನ್ನು ಹುಯ್ಯುತ್ತಾರೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಕಲ್ಲಿನ ಮುಂದೆಯೂ, ಮನೆಯ ಕಾವಲಿಯ ಮುಂದೆಯೂ ಪದ ಒಂದೇ. ಅಕ್ಕಿರೊಟ್ಟಿ, ಒಬ್ಬಟ್ಟು ತಟ್ಟುವಂಥವು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನು ಬಡಿಯುತ್ತಾರೆ, ಆ ಪದವೂ ಊಟದ ಮನೆಗಳ ಜೊತೆ ಈ ಕಡೆಗೆ ಬಂದಿದೆ. ಚಪಾತಿಯನ್ನು ಲಟ್ಟಿಸುತ್ತಾರೆ. ರಾಗಿ ಮುದ್ದೆಯನ್ನು ತೊಳಸಿ ಕಟ್ಟುತ್ತಾರೆ. ಸಂಡಿಗೆ ಇಡುತ್ತಾರೆ, ಹಪ್ಪಳ ಒತ್ತುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ, ಚಟ್ನಿ ರುಬ್ಬುತ್ತಾರೆ. ಹಾಲಿಗೆ ಹೆಪ್ಪು ಹಾಕುತ್ತಾರೆ, ಮೊಸರು ಕಡೆಯುತ್ತಾರೆ, ಬೆಣ್ಣೆ ತೆಗೆಯುತ್ತಾರೆ, ತುಪ್ಪ ಕಾಯಿಸುತ್ತಾರೆ. ಒಂದೇ ಹಾಲಿನ ನಾಲ್ಕು ರೂಪಗಳಿಗೆ ನಾಲ್ಕು ಕ್ರಿಯಾಪದಗಳು! ಕಾಫಿಯಲ್ಲಿ ಡಿಕಾಕ್ಷನ್ ಹಾಕುವುದು ಒಂದು, ಹಾಲು ಸಕ್ಕರೆ ಕೂಡಿಸಿ ಬೆರೆಸುವುದು ಇನ್ನೊಂದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುತ್ತಾರೆ.

ಅಡುಗೆಮನೆಯಿಂದ ಹೊರಗೆ ಬಂದರೆ ಬಾಗಿಲ ಮುಂದೆ ರಂಗೋಲಿ. ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ, ಕೆಲವರು ಇಡುತ್ತಾರೆ. ಮೂರೂ ಸರಿಯೇ, ಮನೆತನದ ಊರು ಯಾವುದು ಎಂಬುದನ್ನು ಕೆಲವೊಮ್ಮೆ ಈ ಕ್ರಿಯಾಪದದಿಂದಲೇ ಊಹಿಸಬಹುದು. ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಹೂವಿನವರು ಹೂ ಕಟ್ಟುತ್ತಾರೆ. ನಾಲ್ಕಾರು ಮೊಗ್ಗು ಇಟ್ಟು ಬಾಳೆ ನಾರನ್ನೋ ದಾರವನ್ನೋ ಸುತ್ತಿ ಗಂಟು ಬಿಗಿಯುವ ಕೆಲಸ ಅದು. ಸೂಜಿಯಿಂದ ಮಾಡಿದ ಹಾರವನ್ನು ಕಟ್ಟಿದ್ದು ಎನ್ನುವುದಿಲ್ಲ, ಪೋಣಿಸಿದ್ದು ಎನ್ನುತ್ತಾರೆ. ಮೊಳ ಅಳೆಯುವ ಮುಂಚೆ ‘ಕಟ್ಟಿದ್ದು ಬೇಕಾ, ಬಿಡಿ ಹೂವಾ?’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ‘ಮಾಡಿದ್ದು’ ಎಂದರೆ ಅರ್ಥವೇ ಆಗದು.

‘ಕಟ್ಟು’ ಇವುಗಳಲ್ಲೆಲ್ಲ ಅತ್ಯಂತ ವಿಶಾಲವಾದದ್ದು. ಹೂ, ಮನೆ, ಗೂಡು, ಕೆರೆ, ಸಂಘ, ನಾಡು, ಹಾಡು, ಕಥೆ ಎಲ್ಲವನ್ನೂ ಕಟ್ಟುತ್ತೇವೆ. ಹಾಡು ಕಟ್ಟುವುದು ಗೌರವದ ಮಾತು, ‘ಕಟ್ಟುಕಥೆ’ ಮಾತ್ರ ಸುಳ್ಳು. ಇಂಗ್ಲಿಷಿನ ‘ಮೇಕ್ ಅಪ್’ ಎಂಬ ಪದಪುಂಜದಲ್ಲೂ ಇದೇ ಎರಡು ಮುಖಗಳಿವೆ. ಮಕ್ಕಳಿಗೆ ಕಥೆ ಕಟ್ಟಿ ಹೇಳುವುದೂ ಅದೇ, ನೆಪ ಹೂಡುವುದೂ ಅದೇ. ಅದರ ಬಣ್ಣ ಹಚ್ಚುವ ಅರ್ಥ ಮಾತ್ರ ‘ಮೇಕಪ್ ಮಾಡಿಕೊ’ ಎಂದು ಕನ್ನಡಕ್ಕೆ ಬಂದು ನಿಂತಿದೆ. ರಂಗಭೂಮಿಯವರ ಹಳೆಯ ಮಾತು ‘ಬಣ್ಣ ಹಚ್ಚು’, ‘ವೇಷ ಕಟ್ಟು’. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ರಂಗಶಂಕರದ ಸುತ್ತಮುತ್ತ ಈ ಕ್ರಿಯಾಪದಗಳು ಇನ್ನೂ ಚಲಾವಣೆಯಲ್ಲಿವೆ. ಲೇಖಕ ನಾಟಕ ಬರೆಯುತ್ತಾನೆ, ನಿರ್ದೇಶಕಿ ಕಟ್ಟುತ್ತಾಳೆ ಅಥವಾ ಆಡಿಸುತ್ತಾಳೆ, ನಟರು ಆಡುತ್ತಾರೆ. ‘ನಾಟಕ ಮಾಡು’ ಎಂಬುದನ್ನೂ ತಂಡದವರು ಸಹಜವಾಗಿ ಬಳಸುತ್ತಾರೆ, ಆದರೆ ಮನೆಯಲ್ಲಿ ಅದೇ ಮಾತಿಗೆ ಸೋಗು ಹಾಕುವುದು ಎಂಬ ಅರ್ಥ.

‘ಕ್ರಿಯೇಟ್ ಮಾಡು’

ಈಚಿನ ವರ್ಷಗಳಲ್ಲಿ ಕಚೇರಿ, ಕಾಲೇಜು, ಮೊಬೈಲುಗಳ ಮೂಲಕ ಬಂದು ಎಲ್ಲ ಕಡೆ ಕುಳಿತಿರುವ ಜೋಡುಪದ ಇದು. ‘ಫೋಲ್ಡರ್ ಕ್ರಿಯೇಟ್ ಮಾಡು’ ಎನ್ನುವಲ್ಲಿ ಅದನ್ನು ಆಕ್ಷೇಪಿಸಲು ಕಾರಣವಿಲ್ಲ. ವಸ್ತುವೂ ಹೊಸದು, ಅದರ ಗುಂಡಿಯ ಮೇಲೆ ಬರೆದಿರುವುದೂ ಅದೇ. ತೊಂದರೆ ಇರುವುದು ಕನ್ನಡದಲ್ಲಿ ನೆಲೆ ನಿಂತ ಕ್ರಿಯಾಪದ ಇರುವ ಕಡೆ ಇದು ನುಗ್ಗಿದಾಗ. ‘ಅಕೌಂಟ್ ಕ್ರಿಯೇಟ್ ಮಾಡಿ’ ಎನ್ನುವುದಕ್ಕೆ ಬ್ಯಾಂಕಿನವರು ತಲೆಮಾರುಗಳಿಂದ ‘ಖಾತೆ ತೆರೆಯಿರಿ’ ಎನ್ನುತ್ತ ಬಂದಿದ್ದಾರೆ. ‘ಅವೇರ್‌ನೆಸ್ ಕ್ರಿಯೇಟ್ ಮಾಡು’ವುದು ಅರಿವು ಮೂಡಿಸುವುದು. ‘ಪ್ರಾಬ್ಲಂ ಕ್ರಿಯೇಟ್ ಮಾಡು’ವುದು ತೊಂದರೆ ತಂದಿಡುವುದು. ‘ಸೀನ್ ಕ್ರಿಯೇಟ್ ಮಾಡು’ವುದಕ್ಕೆ ‘ರಂಪ ಮಾಡು’, ‘ರಾದ್ಧಾಂತ ಮಾಡು’ ಎಂಬ ಎಷ್ಟು ಜೀವಂತವಾದ ಮಾತುಗಳಿವೆ! ಅವಕಾಶವನ್ನು ಕಲ್ಪಿಸುತ್ತೇವೆ, ಸಂಸ್ಥೆಯನ್ನು ಹುಟ್ಟುಹಾಕುತ್ತೇವೆ, ಆಸೆ ಹುಟ್ಟಿಸುತ್ತೇವೆ, ಸುಳ್ಳು ಹೆಣೆಯುತ್ತೇವೆ, ಹುದ್ದೆಯನ್ನು ಸೃಷ್ಟಿಸುತ್ತೇವೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆಯಲ್ಲಿ ದೇವರ ಕೆಲಸಕ್ಕೂ ಕನ್ನಡ ಆರಿಸಿಕೊಂಡದ್ದು ‘ಹುಟ್ಟಿಸು’ವನ್ನು.

ಕೆಲವು ಕಡೆ ಹಳೆಯ ಕನ್ನಡ ಕ್ರಿಯಾಪದ ಹೊಂದುವುದಿಲ್ಲ, ಅದನ್ನೂ ಒಪ್ಪಬೇಕು. ವಾಟ್ಸ್ಆ್ಯಪ್‌ನಲ್ಲಿ ಅಪಾರ್ಟ್‌ಮೆಂಟಿನವರದೊಂದು ಗ್ರೂಪು ಬೇಕಾದಾಗ ‘ಗುಂಪು ಕಟ್ಟೋಣ’ ಎಂದರೆ ಯಾರ ವಿರುದ್ಧವೋ ಬಣ ಕಟ್ಟಿದಂತೆ ಕೇಳಿಸುತ್ತದೆ. ಅಲ್ಲಿ ‘ಒಂದು ಗ್ರೂಪ್ ಮಾಡೋಣ’ ಎಂಬುದೇ ಸರಿಯಾದ ಕನ್ನಡ. ಗಮನಿಸಬೇಕಾದ್ದು ಇಷ್ಟು: ಇಲ್ಲಿಯೂ ‘ಕ್ರಿಯೇಟ್’ ಬೇಕಾಗಲಿಲ್ಲ, ‘ಮಾಡು’ ಒಂದೇ ಸಾಕಾಯಿತು. ‘ಕ್ರಿಯೇಟ್ ಮಾಡು’ ಎಂಬಲ್ಲಿ ಎರಡೂ ಪದಗಳಿಗೆ ಒಂದೇ ಅರ್ಥವಾದ್ದರಿಂದ ಬಹಳ ಸಲ ಮೊದಲನೆಯದನ್ನು ಕಿತ್ತು ಹಾಕಿದರೂ ವಾಕ್ಯಕ್ಕೆ ಏನೂ ಕೊರತೆಯಾಗುವುದಿಲ್ಲ. ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ಬರೆಹದಲ್ಲಿ ಇನ್ನೊಂದು ಬಗೆಯ ಕೃತಕತೆ ಇದೆ. ಫಲಕಗಳಲ್ಲಿ, ಕರಪತ್ರಗಳಲ್ಲಿ ಕಾಣುವ ‘ರಚಿಸಲ್ಪಟ್ಟಿದೆ’, ‘ನಿರ್ಮಿಸಲ್ಪಟ್ಟಿದೆ’ ಎಂಬ ರೂಪಗಳು ಇಂಗ್ಲಿಷಿನ ಕರ್ಮಣಿ ಪ್ರಯೋಗದ ನೆರಳು. ಮಾತಿನಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ‘ಕಟ್ಟಿದ್ದಾರೆ’ ಎಂದರೆ ಸಾಕು. ಯಾರು ಕಟ್ಟಿದರು ಎಂದು ಹೇಳಬೇಕಿಲ್ಲದಾಗ ‘ಕಟ್ಟಲಾಗಿದೆ’ ಎನ್ನಬಹುದು.

ಹೊಳೆಯುವುದು ಮತ್ತು ‘ಕಮ್ ಅಪ್ ವಿತ್’

ಇಂಗ್ಲಿಷಿನಲ್ಲಿ ಹೊಸ ಯೋಚನೆಯನ್ನೋ ಪರಿಹಾರವನ್ನೋ ಕಂಡುಕೊಳ್ಳುವುದಕ್ಕೆ ‘ಕಮ್ ಅಪ್ ವಿತ್’ ಎನ್ನುತ್ತಾರೆ. ಮೂರೂ ಪದಗಳು ಸೇರಿಯೇ ಒಂದು ಕ್ರಿಯೆ. ನಡುವಿನ ‘ಅಪ್’ ಬಿಟ್ಟರೆ ಅದು ಬರೀ ‘ಜೊತೆಗೆ ಬರುವುದು’ ಆಗುತ್ತದೆ, ‘ವಿತ್’ ಬಿಟ್ಟರೆ ಕರ್ಮಪದಕ್ಕೆ ಹಿಡಿಕೆಯೇ ಇರುವುದಿಲ್ಲ. ಕಂಡುಕೊಂಡವನು ಯೋಚಿಸಿ ಹೊರತಂದದ್ದು ಎಂಬ ಭಾವ ಅದರಲ್ಲಿರುವುದರಿಂದ ಸಿದ್ಧವಾಗಿ ಸಿಕ್ಕ ವಸ್ತುವಿಗೆ ಸಾಮಾನ್ಯವಾಗಿ ಅದನ್ನು ಬಳಸುವುದಿಲ್ಲ. ಹಣ ಹೊಂದಿಸುವುದಕ್ಕೆ ಮಾತ್ರ ಬಳಸುವುದುಂಟು.

ಕನ್ನಡದ ದಾರಿ ಬೇರೆ. ಇಲ್ಲಿ ಯೋಚನೆಯೇ ಬರುವುದು, ಮನುಷ್ಯ ಬರುವುದಿಲ್ಲ. ‘ನನಗೊಂದು ಉಪಾಯ ಹೊಳೆಯಿತು’ ಎನ್ನುತ್ತೇವೆ. ನಾನು ಚತುರ್ಥಿಯಲ್ಲಿ ಪಕ್ಕಕ್ಕೆ ನಿಲ್ಲುತ್ತೇನೆ, ಉಪಾಯವೇ ಕರ್ತೃವಾಗುತ್ತದೆ. ಪ್ರಯತ್ನವನ್ನು ಒತ್ತಿ ಹೇಳಬೇಕಾದರೆ ‘ದಾರಿ ಹುಡುಕು’, ‘ಉಪಾಯ ಹೂಡು’, ‘ಕಂಡುಹಿಡಿ’ ಇವೆ. ತಂತ್ರಜ್ಞಾನದ ಕಚೇರಿಗಳಲ್ಲಿ ‘ನಾಳೆ ಒಂದು ಸೊಲ್ಯೂಷನ್ ಜೊತೆ ಬನ್ನಿ’ ಎಂಬ ವಾಕ್ಯ ಕೇಳಿಬರುತ್ತದೆ. ಇಂಗ್ಲಿಷನ್ನು ಪದಕ್ಕೆ ಪದ ಇಟ್ಟು ಬದಲಾಯಿಸಿದ್ದು ಅದು. ‘ನಾಳೆಯೊಳಗೆ ಏನಾದ್ರೂ ದಾರಿ ಹುಡುಕಿ’ ಎಂದರೆ ಕೇಳಿದವರಿಗೆ ಕೆಲಸದ ಭಾರವೂ ತಿಳಿಯುತ್ತದೆ, ಮಾತೂ ಕನ್ನಡವಾಗುತ್ತದೆ.

ಕನ್ನಡಿಗರ ಇಂಗ್ಲಿಷಿನಲ್ಲಿ ‘ಮೇಕ್’

ಒಂದೇ ‘ಮಾಡು’ ಇರುವ ಭಾಷೆಯಿಂದ ಹೋದವರು ಇಂಗ್ಲಿಷಿನ ಎರಡು ಪದಗಳ ನಡುವೆ ಎಡವುವುದು ಸಹಜ. ‘ತಪ್ಪು ಮಾಡಿದೆ’ ಎಂಬುದರ ಬೆನ್ನಲ್ಲೇ ‘ಡಿಡ್ ಎ ಮಿಸ್ಟೇಕ್’ ಬರುತ್ತದೆ, ಅಲ್ಲಿ ಬೇಕಾದ್ದು ‘ಮೇಡ್’. ‘ಹೋಂವರ್ಕ್ ಮಾಡು’ ಎಂಬಲ್ಲಿ ಬೇಕಾದ್ದು ‘ಡೂ’. ಇದಕ್ಕಿಂತ ಆಳವಾದದ್ದು ‘ಇಸು’ ತರುವ ತೊಡಕು. ‘ಪಾಸ್‌ಪೋರ್ಟ್ ಮಾಡಿಸಿದೆ’ ಎನ್ನುವಾಗ ಕನ್ನಡದಲ್ಲಿ ಎರಡಕ್ಷರ ಮಾಡುತ್ತಿದ್ದ ಕೆಲಸ ಇಂಗ್ಲಿಷಿಗೆ ದಾಟುವಾಗ ಬಿದ್ದುಹೋಗಿ, ‘ಐ ಮೇಡ್ ಮೈ ಪಾಸ್‌ಪೋರ್ಟ್’ ಎಂದಾಗಿಬಿಡುತ್ತದೆ. ಆ ವಾಕ್ಯದ ಪ್ರಕಾರ ಹೇಳಿದವರೇ ಪಾಸ್‌ಪೋರ್ಟ್ ತಯಾರಿಸಿದವರು! ‘ಗಾಟ್ ಮೈ ಪಾಸ್‌ಪೋರ್ಟ್ ಮೇಡ್’ ಎನ್ನುವುದು ಸರಿ. ಹಾಗೆಯೇ ‘ನನ್ನನ್ನು ಕಾಯಿಸಿದರು’ ಎಂಬುದಕ್ಕೆ ‘ಮೇಡ್ ಮಿ ಟು ವೇಟ್’ ಎನ್ನುವುದು ಈ ಭಾಗದಲ್ಲಿ ಬಹಳ ಕೇಳಿಸುತ್ತದೆ. ‘ಟು’ ಇಲ್ಲದ ‘ಮೇಡ್ ಮಿ ವೇಟ್’ ಸರಿಯಾದ ರೂಪ. ಕರ್ಮಣಿಯಲ್ಲಿ ಮಾತ್ರ ಆ ‘ಟು’ ಮರಳಿ ಬರುತ್ತದೆ: ‘ವಾಸ್ ಮೇಡ್ ಟು ವೇಟ್’.

ಯಾವುದರಿಂದ ಮಾಡಿದ್ದು ಎಂದು ಹೇಳುವಾಗ ಇಂಗ್ಲಿಷ್ ಒಂದು ಭೇದ ಮಾಡುತ್ತದೆ. ಮೂಲವಸ್ತು ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ‘ಮೇಡ್ ಆಫ್’: ಮರದ ಕುರ್ಚಿ, ಬೆಳ್ಳಿಯ ಲೋಟ. ರೂಪ ಬದಲಾಗಿ ಮೂಲ ಗುರುತು ಸಿಗದಂತಾಗಿದ್ದರೆ ‘ಮೇಡ್ ಫ್ರಮ್’: ಹಾಲಿನಿಂದ ಮೊಸರು, ದ್ರಾಕ್ಷಿಯಿಂದ ವೈನು. ಕನ್ನಡದಲ್ಲಿ ಮೊದಲನೆಯದಕ್ಕೆ ಷಷ್ಠಿ ವಿಭಕ್ತಿ, ಎರಡನೆಯದಕ್ಕೆ ‘ಇಂದ’ ಒಗ್ಗುವುದರಿಂದ ಈ ಭೇದ ನಮಗೆ ಹೊಸದೇನಲ್ಲ. ಆದರೆ ಬೆಂಗಳೂರಿನವರು ‘ರಾಗೀಲಿ ಮಾಡಿದ ದೋಸೆ’, ‘ಚಿನ್ನದಲ್ಲಿ ಮಾಡಿಸಿದ ಸರ’ ಎಂದು ಸಪ್ತಮಿಯನ್ನೂ ಬಳಸುತ್ತಾರೆ. ಅದು ಹಾಗೆಯೇ ‘ಮೇಡ್ ಇನ್ ರಾಗಿ’ ಎಂದು ಇಂಗ್ಲಿಷಿಗೆ ದಾಟಿದರೆ ರಾಗಿ ಎಂಬುದು ಯಾವುದೋ ಊರಿನ ಹೆಸರಾಗಿಬಿಡುತ್ತದೆ. ಇಂಥ ಸೂಕ್ಷ್ಮಗಳನ್ನು ಮಕ್ಕಳ ಭಾಷೆಯಿಂದಲೇ ತೋರಿಸಿ ಕಲಿಸಬಹುದು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ನೀಡುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಬೆಂಗಳೂರಿನಲ್ಲೇ ಇದೆ. ಕನ್ನಡದ ‘ಇಸು’ವನ್ನು ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನ ಪ್ರೇರಣಾರ್ಥಕ ಕಷ್ಟವಾಗದು.

ಬಳಕೆಯ ಪ್ರಶ್ನೆಗಳಿಗೆ ಜಯನಗರದ ಉತ್ತರ

ಸರಿ ಯಾವುದು, ತಪ್ಪು ಯಾವುದು ಎಂಬ ಪ್ರಶ್ನೆಗಳಿಗೆ ದೀರ್ಘ ಕಾಲ ಉತ್ತರ ಬರುತ್ತಿದ್ದುದು ಜಯನಗರದಿಂದಲೇ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು (23 ಆಗಸ್ಟ್ 1913 - 19 ಏಪ್ರಿಲ್ 2021) ಈ ಬಡಾವಣೆಯ ನಿವಾಸಿಯಾಗಿದ್ದರು. ವಿಜಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದರು, ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಅವರು ಆರಂಭಿಸಿದ ‘ಇಗೋ ಕನ್ನಡ’ ಅಂಕಣಕ್ಕೆ ಓದುಗರು ಪದಗಳ ಅರ್ಥ, ಮೂಲ, ಬಳಕೆಗಳ ಬಗ್ಗೆ ಪ್ರಶ್ನೆ ಬರೆಯುತ್ತಿದ್ದರು. ಆ ಉತ್ತರಗಳು ಮುಂದೆ ಪುಸ್ತಕರೂಪದಲ್ಲಿ ಸಾಮಾಜಿಕ ನಿಘಂಟಾದವು. ಕನ್ನಡಕ್ಕೆ ಹೊರಗಿನಿಂದ ಬಂದ ಪದಗಳಿಗೆಂದೇ ಅವರು ‘ಎರವಲು ಪದಕೋಶ’ವನ್ನೂ ಸಿದ್ಧಪಡಿಸಿದರು. ಎರವಲನ್ನು ಕಂಡು ಗಾಬರಿಗೊಳ್ಳದೆ, ಅದನ್ನು ಹೆಸರಿಟ್ಟು ದಾಖಲಿಸುವ ಈ ಮನೋಧರ್ಮ ದೊಡ್ಡದು. 2011ರ ಫೆಬ್ರವರಿಯಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದ 77ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಇದಕ್ಕಿಂತ ಭಿನ್ನವಾದ ನಿಲುವು ಡಿ. ಎನ್. ಶಂಕರ ಬಟ್ ಅವರದು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ವಾದಿಸಿದ ಅವರು ಹೊಸ ಪದಗಳನ್ನು ಕನ್ನಡದ ಬೇರುಗಳಿಂದಲೇ ಕಟ್ಟಬೇಕೆಂದು ತೋರಿಸಿಕೊಟ್ಟರು. ಪಾ. ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಪದಗಳ ಒಳಹೊಕ್ಕು ನೋಡುವ ಇನ್ನೊಂದು ಬಗೆ. 1894ರಲ್ಲಿ ಹೊರಬಂದ ಕಿಟ್ಟೆಲ್ ಅವರ ನಿಘಂಟು ಆಡುಮಾತನ್ನೂ ಗಾದೆಗಳನ್ನೂ ಒಳಗೆ ಕರೆದುಕೊಂಡು ಇವರೆಲ್ಲರಿಗೂ ದಾರಿ ಮಾಡಿಕೊಟ್ಟಿತ್ತು.

ಇಂದಿನ ಸ್ಥಿತಿ

ಇಂಗ್ಲಿಷಿನ ಪದ ಬಂತೆಂದು ‘ಮಾಡು’ವಿಗೆ ಅಪಾಯವಿಲ್ಲ. ಬಂದ ಒಂದೊಂದು ಪದವೂ ಅದರ ಬಳಕೆಯನ್ನು ಹೆಚ್ಚಿಸಿದೆ. ಅಪಾಯವಿರುವುದು ಒತ್ತು, ಹೊಸೆ, ತಟ್ಟು, ಹೆಣೆ, ಪೋಣಿಸು, ಕಡೆ, ಹುಯ್ಯು ಇಂಥವುಗಳಿಗೆ. ಚಕ್ಕುಲಿಯನ್ನು ಅಂಗಡಿಯಿಂದ ತಂದ ಮನೆಯಲ್ಲಿ ಅದನ್ನು ಒತ್ತುವ ಕ್ರಿಯಾಪದಕ್ಕೆ ಕೆಲಸವಿರುವುದಿಲ್ಲ. ಪೊಟ್ಟಣದ ಮೊಸರು ತರುವ ಮನೆಯ ಮಗು ‘ಹೆಪ್ಪು’ ಎಂಬ ಪದವನ್ನು ಕೇಳದೆಯೇ ದೊಡ್ಡದಾಗುತ್ತದೆ. ಕೆಲಸ ಹೋದಲ್ಲಿ ಪದ ಹೋಗುತ್ತದೆ, ಆ ಖಾಲಿ ಜಾಗದಲ್ಲಿ ‘ಮಾಡು’ ಬಂದು ಕೂರುತ್ತದೆ, ಆಮೇಲೆ ‘ಪ್ರಿಪೇರ್ ಮಾಡು’, ‘ಕ್ರಿಯೇಟ್ ಮಾಡು’ ಬರುತ್ತವೆ.

ಈ ಕ್ರಿಯಾಪದಗಳಲ್ಲಿ ಹೆಚ್ಚಿನವು ನಿಘಂಟಿನಲ್ಲಿ ಸಿಗುತ್ತವೆ. ಆದರೆ ಯಾವ ವಸ್ತುವಿಗೆ ಯಾವ ಕ್ರಿಯಾಪದ, ಯಾವ ಸೀಮೆಯಲ್ಲಿ ಯಾವುದು ಎಂಬ ತಿಳಿವಳಿಕೆ ಇರುವುದು ಈಗ ಎಪ್ಪತ್ತು ಎಂಬತ್ತು ದಾಟಿದವರ ಬಾಯಲ್ಲಿ. ಜಯನಗರ, ಬನಶಂಕರಿಯ ಮನೆಗಳಲ್ಲಿ ಅಂಥ ಹಿರಿಯರು ಇನ್ನೂ ಇದ್ದಾರೆ. ಮುಂದಿನ ಹಬ್ಬಕ್ಕೆ ಅಜ್ಜಿಯ ಪಕ್ಕ ಕುಳಿತು ಅವರು ಬಳಸುವ ಒಂದೊಂದು ಕ್ರಿಯಾಪದವನ್ನೂ ವಸ್ತುವಿನ ಹೆಸರಿನೊಂದಿಗೆ ಬರೆದುಕೊಳ್ಳಿ, ಅವರ ಊರನ್ನೂ ಅದರ ಮುಂದೆ ಗುರುತು ಹಾಕಿ.